ತುಟಿಯ ಗುಳ್ಳೆಗೆ ಯಾವ ಟ್ಯೂಬ್, ಯಾವಾಗ?

ರಾಯಚೂರಿನ ಬೇಸಿಗೆಯಲ್ಲಿ, ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ತುಟಿಯಂಚಿಗೆ ನೀರುಗುಳ್ಳೆ ಎದ್ದರೆ ‘ಉಷ್ಣ ಆಗೇದ’ ಎನ್ನುತ್ತಾರೆ. ಜ್ವರ ಬಿಟ್ಟ ಮೇಲೆ ಎದ್ದರೆ ಅದು ‘ಜ್ವರದ ಗುಳ್ಳೆ’. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಸುಡುಬಿಸಿಲು, ಜ್ವರ, ದಣಿವು ಗುಳ್ಳೆಯನ್ನು ಎಬ್ಬಿಸುತ್ತವೆ, ಹುಟ್ಟಿಸುವುದಿಲ್ಲ. ಹುಟ್ಟಿಸುವುದು ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್. ಸಾಮಾನ್ಯವಾಗಿ ಬಾಲ್ಯದಲ್ಲೇ ಮುತ್ತಿನಿಂದಲೋ ಎಂಜಲಿನಿಂದಲೋ ಮೈ ಸೇರುವ ಇದು ಮುಖದ ನರದ ಬುಡದಲ್ಲಿ ಜೀವನಪೂರ್ತಿ ಅಡಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಈ ವೈರಸ್ ಇದೆ. ಇಷ್ಟು ಜನರಿಗೆ ಬಂದಿರುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಇದಕ್ಕೆ ಹಚ್ಚುವ ಮದ್ದು ಅಸೈಕ್ಲೊವಿರ್. ಈ ಔಷಧ ರೂಪುಗೊಂಡ ಸಂಶೋಧನೆಯ ಹಿಂದಿದ್ದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಮದ್ದಿನ ಗುಣ ಸೋಜಿಗದ್ದು: ವೈರಸ್ ಹೊಕ್ಕ ಜೀವಕೋಶದಲ್ಲಿ ಆ ವೈರಸ್‌ನದೇ ಕಿಣ್ವ ಇದನ್ನು ಚುರುಕುಗೊಳಿಸುತ್ತದೆ; ಆಮೇಲೆ ವೈರಸ್ ತನ್ನ ಪ್ರತಿ ತೆಗೆಯುವ ಕೆಲಸವೇ ನಿಂತುಹೋಗುತ್ತದೆ. ಪ್ರತಿ ತೆಗೆಯುವ ಭರಾಟೆ ಇರುವುದು ಮೊದಲ ಒಂದೆರಡು ದಿನ ಮಾತ್ರ. ಆದ್ದರಿಂದ ಹಚ್ಚಬೇಕಾದದ್ದು ಗುಳ್ಳೆ ಒಡೆದು ಹಕ್ಕು ಕಟ್ಟಿದ ಮೇಲಲ್ಲ, ತುಟಿ ಚುರುಚುರು ಎಂದು ಕೆರೆತ ಶುರುವಾದ ಗಳಿಗೆಯಲ್ಲಿ. ಶೇ 5ರ ಕ್ರೀಮನ್ನು ಎಚ್ಚರವಿರುವಾಗ ನಾಲ್ಕು ತಾಸಿಗೊಮ್ಮೆ, ದಿನಕ್ಕೆ ಐದು ಸಲ, ನಾಲ್ಕೈದು ದಿನ ತೆಳ್ಳಗೆ ಹಚ್ಚುವುದು ರೂಢಿ. ಹಚ್ಚುವ ಮೊದಲೂ ಆಮೇಲೂ ಕೈ ತೊಳೆಯಬೇಕು, ಇಲ್ಲದಿದ್ದರೆ ಅದೇ ಬೆರಳು ವೈರಸ್ಸನ್ನು ಕಣ್ಣಿಗೆ ಒಯ್ಯುತ್ತದೆ. ಬಾಯಿಯ ಒಳಗೆ, ಕಣ್ಣಿಗೆ ಈ ಕ್ರೀಮ್ ಸಲ್ಲದು. ಒಬ್ಬರ ಟ್ಯೂಬ್ ಇನ್ನೊಬ್ಬರಿಗೂ ಬೇಡ.

‘ಹೇಗೂ ಏಳೆಂಟು ದಿನದಲ್ಲಿ ತಾನೇ ಮಾಯುತ್ತದಲ್ಲ, ದುಡ್ಡೇಕೆ ಖರ್ಚು?’ ಎಂದು ಕೇಳಬಹುದು. ಕೇಳುವುದು ಸರಿಯೇ. ಪ್ರಯೋಗಗಳಲ್ಲಿ ಕಂಡ ಲಾಭ ಅರ್ಧ ದಿನದಿಂದ ಒಂದು ದಿನದಷ್ಟು ಬೇಗ ಮಾಯುವುದು, ಅಷ್ಟೇ. ವರ್ಷಕ್ಕೊಮ್ಮೆ ಸಣ್ಣದಾಗಿ ಗುಳ್ಳೆ ಏಳುವವರು ಏನೂ ಹಚ್ಚದೆ ಬಿಟ್ಟರೂ ತಪ್ಪಿಲ್ಲ. ತಪ್ಪಾಗುವುದು ಬೇರೆಯದನ್ನು ಹಚ್ಚಿದಾಗ. ಮೆಡಿಕಲ್ ಶಾಪ್‌ನಲ್ಲಿ ‘ಹುಣ್ಣಿಗೆ ಒಂದು ಮುಲಾಮು ಕೊಡ್ರಿ’ ಎಂದರೆ ಸ್ಟೆರಾಯ್ಡ್ ಬೆರೆತ ಟ್ಯೂಬ್ ಕೈಗೆ ಬರಬಹುದು. ಅದು ಉರಿಯನ್ನು ಬೇಗ ಇಳಿಸುತ್ತದೆ, ಆದರೆ ಚರ್ಮದ ಕಾವಲನ್ನೂ ಇಳಿಸಿ ವೈರಸ್ ಹಬ್ಬಲು ದಾರಿ ಬಿಡುತ್ತದೆ. ಹಚ್ಚುವ ಸ್ಟೆರಾಯ್ಡ್‌ಗಳನ್ನು 2018ರಲ್ಲಿ ಸರ್ಕಾರ ವೈದ್ಯರ ಚೀಟಿ ಇಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿದ್ದು ಇಂಥ ದುರ್ಬಳಕೆ ಕಂಡೇ. ಇನ್ನು, ಬಾಯೊಳಗಿನ ಬಿಳಿ ಹುಣ್ಣು, ಬಾಯಿಮೂಲೆಯ ಬಿರುಕು ಜ್ವರದ ಗುಳ್ಳೆಗಳಲ್ಲ. ಅವಕ್ಕೆ ಅಸೈಕ್ಲೊವಿರ್ ಹಚ್ಚಿದರೆ ದಂಡ.

ಅಸೈಕ್ಲೊವಿರ್ ಕೂಡ ವೈದ್ಯರ ಚೀಟಿಯಿಂದಲೇ ತರುವುದು ಒಳ್ಳೆಯದು. ಮೊದಲ ತಾಸುಗಳಲ್ಲೇ ಹಚ್ಚಬೇಕೆಂದರೆ ದೇವದುರ್ಗದ ಹತ್ತಿ ಹೊಲದಲ್ಲಿ, ಮಾನ್ವಿಯ ಭತ್ತದ ಗದ್ದೆಯಲ್ಲಿ ದುಡಿಯುವವರು ಕೂಲಿ ಬಿಟ್ಟು ಆಸ್ಪತ್ರೆಗೆ ಓಡಬೇಕೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ನನಗೆ ಕಾಣುವ ಉತ್ತರ ಇದು: ಪದೇ ಪದೇ ಗುಳ್ಳೆ ಏಳುವವರು ಬೇರೆ ಕೆಲಸಕ್ಕೆ ತಾಲ್ಲೂಕು ಆಸ್ಪತ್ರೆಗೆ ಹೋದಾಗಲೇ ವೈದ್ಯರಿಗೆ ಹೇಳಿ, ಚೀಟಿ ಬರೆಸಿ, ಟ್ಯೂಬ್ ತಂದು ಮನೆಯ ತಂಪು ಜಾಗದಲ್ಲಿ ಇಟ್ಟುಕೊಳ್ಳಲಿ. ಅವಧಿ ಮುಗಿಯುವ ದಿನಾಂಕ ನೋಡಿಕೊಳ್ಳಲಿ. ಬಿಸಿಲಿಗೆ ಹೋಗುವಾಗ ತುಟಿ ಮುಚ್ಚುವಂತೆ ಟವೆಲ್ ಸುತ್ತಿಕೊಂಡರೆ ಗುಳ್ಳೆ ಏಳುವುದೇ ಕಡಿಮೆಯಾದೀತು.

ಕೆಲವರು ಮಾತ್ರ ಟ್ಯೂಬ್ ನಂಬಿ ಕೂರಬಾರದು. ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಎಚ್‌ಐವಿ ಅಥವಾ ಕ್ಯಾನ್ಸರ್ ಚಿಕಿತ್ಸೆಯಿಂದ ಮೈಯ ಶಕ್ತಿ ಕುಂದಿದ್ದರೆ ಮಾತ್ರೆಯೇ ಬೇಕಾಗಬಹುದು. ಬೇಗ ವೈದ್ಯರಿಗೆ ತೋರಿಸಬೇಕು. ಗುಟ್ಕಾ, ತಂಬಾಕು ಹಾಕುವವರ ತುಟಿಯ ಹುಣ್ಣು ಎರಡು ವಾರ ಕಳೆದರೂ ಮಾಯದಿದ್ದರೆ ಅದು ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಎಲ್ಲಕ್ಕಿಂತ ಹೆಚ್ಚಿನ ಜೋಪಾನ ಬೇಕಾದದ್ದು ಹಸುಗೂಸಿಗೆ: ಹುಟ್ಟಿ ತಿಂಗಳೂ ಆಗದ ಮಗುವಿನಲ್ಲಿ ಈ ವೈರಸ್ ಮೆದುಳಿಗೆ ಏರಿ ಜೀವ ತೆಗೆಯಬಲ್ಲದು. ತುಟಿಯಲ್ಲಿ ಗುಳ್ಳೆ ಇರುವವರು, ಅಜ್ಜಿಯೇ ಆಗಲಿ ಸೋದರಮಾವನೇ ಆಗಲಿ, ಹಕ್ಕು ಉದುರಿ ಚರ್ಮ ಪೂರಾ ಮಾಯುವ ತನಕ ದಯವಿಟ್ಟು ಕೂಸಿಗೆ ಮುತ್ತು ಕೊಡಬೇಡಿ.