ಸುಳ್ಳು ಹೇಳಿದ ಫೋನು, ನಿಜ ಹೇಳಿಸಿದ ಸಾಲು

ಮೊಬೈಲಿನಲ್ಲಿ ಸಲೀಸಾಗಿ ಓದಬಹುದಾದ ಯಾವುದೇ ವೆಬ್ ಪುಟದ ಒಳಗನ್ನು ತೆರೆದು ನೋಡಿ. ಮೇಲುಗಡೆ, ಓದುಗರ ಕಣ್ಣಿಗೆ ಬೀಳದ ಭಾಗದಲ್ಲಿ, ಒಂದು ಪುಟ್ಟ ಸಾಲು ಸಿಗುತ್ತದೆ. ಅದರ ಹೆಸರು ವ್ಯೂಪೋರ್ಟ್ ಮೆಟಾ ಟ್ಯಾಗ್. ಅದರಲ್ಲಿರುವುದು ಎರಡೇ ಸೂಚನೆ: ‘ವಿಡ್ತ್=ಡಿವೈಸ್-ವಿಡ್ತ್, ಇನಿಶಿಯಲ್-ಸ್ಕೇಲ್=1’. ಈ ಪುಟದ ಅಗಲ ಫೋನಿನ ಅಗಲದಷ್ಟೇ ಇರಲಿ, ತೆರೆದಾಗ ಹಿಗ್ಗಿಸುವುದೂ ಬೇಡ, ಕುಗ್ಗಿಸುವುದೂ ಬೇಡ ಎಂದಷ್ಟೇ ಅದರ ಅರ್ಥ. ವೆಬ್ ಕೆಲಸದವರು ಹೊಸ ಪುಟ ಶುರುಮಾಡುವಾಗ ಯೋಚನೆಯನ್ನೇ ಮಾಡದೆ ಇದನ್ನು ಕಾಪಿ ಮಾಡಿ ಅಂಟಿಸುತ್ತಾರೆ. ಫೋನಿಗೆ ತನ್ನ ಅಗಲ ತನಗೆ ಗೊತ್ತಿರುವುದಿಲ್ಲವೇ, ಅದನ್ನು ಪುಟ ಯಾಕೆ ಹೇಳಿಕೊಡಬೇಕು ಎಂದು ಕೇಳುವವರು ಕಡಿಮೆ.

ಗೊತ್ತಿರುತ್ತದೆ. ಆದರೆ 2007ರಿಂದ ಅದು ಬೇಕೆಂದೇ ಸುಳ್ಳು ಹೇಳುತ್ತಿದೆ.

ಅದಕ್ಕೂ ಮೊದಲು ಮೊಬೈಲಿಗೆ ಬೇರೆಯದೇ ವೆಬ್ ಇತ್ತು. 1997ರಲ್ಲಿ ಎರಿಕ್ಸನ್, ಮೊಟೊರೊಲಾ, ನೋಕಿಯಾ ಮತ್ತು ಅನ್‌ವೈರ್ಡ್ ಪ್ಲಾನೆಟ್ ಸೇರಿಕೊಂಡು ವ್ಯಾಪ್ ಫೋರಂ ಕಟ್ಟಿದವು. ಮೊಬೈಲಿಗೆಂದೇ ಪ್ರತ್ಯೇಕ ಭಾಷೆಯಲ್ಲಿ ಪುಟ ಬರೆಯಬೇಕೆಂಬುದು ಆ ದಾರಿ. ಜಪಾನಿನ ಡೊಕೊಮೊ ಕಂಪನಿ 1999ರಲ್ಲಿ ಐ-ಮೋಡ್ ಎಂಬ ತನ್ನದೇ ಮೊಬೈಲ್ ವೆಬ್ ಸೇವೆ ತಂದಿತು. ನಮ್ಮ ಕೀಪ್ಯಾಡ್ ಫೋನುಗಳಲ್ಲಿ ಓಡಾಡಿದ ಒಪೆರಾ ಮಿನಿ ಇನ್ನೊಂದು ಉಪಾಯ ಹೂಡಿತು. ದೊಡ್ಡ ಪುಟವನ್ನು ತನ್ನ ಸರ್ವರಿನಲ್ಲೇ ಹಿಂಡಿ ಹಗುರ ಮಾಡಿ ಫೋನಿಗೆ ಕಳಿಸುತ್ತಿತ್ತು. ಈ ಎಲ್ಲದರಲ್ಲೂ ಫೋನಿಗೆ ಸಿಗುತ್ತಿದ್ದುದು ನಿಜವಾದ ವೆಬ್ಬಿನ ಒಂದು ತುಣುಕು.

2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಟೀವ್ ಜಾಬ್ಸ್ ಐಫೋನನ್ನು ಮೊದಲ ಬಾರಿ ತೋರಿಸಿದಾಗ, ಅದರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ತಾಣವನ್ನು ತೆರೆದರು. ಮೊಬೈಲಿಗೆಂದು ಕತ್ತರಿಸಿದ ಪುಟ ಅದಲ್ಲ, ಕಂಪ್ಯೂಟರಿನಲ್ಲಿ ಕಾಣುವ ಇಡೀ ಮುಖಪುಟ. ಸಭಿಕರು ಬೆರಗಾದರು. ಆದರೆ ಎಂಜಿನಿಯರುಗಳ ಮುಂದೆ ಒಂದು ತೊಡಕಿತ್ತು. ಐಫೋನಿನ ಪರದೆಯ ಅಗಲ 320 ಪಿಕ್ಸೆಲ್. ಆ ಹೊತ್ತಿನ ಪುಟಗಳು 1024 ಪಿಕ್ಸೆಲ್ ಅಗಲದ ಮಾನಿಟರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಅಂಥ ಪುಟವನ್ನು 320ರಲ್ಲೇ ಜೋಡಿಸಲು ಹೋದರೆ ಪಕ್ಕದ ಪಟ್ಟಿಗೆ ಶೇ 10 ಎಂದು ಬರೆದಿದ್ದವರಿಗೆ ಸಿಗುವುದು ಬರೀ 32 ಪಿಕ್ಸೆಲ್. ಸಾಲಿಗೆ ಎರಡು ಮೂರು ಅಕ್ಷರ, ಅದರ ಕೆಳಗೆ ಮತ್ತೆರಡು. ಪುಟ ಚಿಂದಿಯಾಗುತ್ತಿತ್ತು.

ಆಪಲ್ ಕಂಡುಕೊಂಡ ದಾರಿ ಸುಳ್ಳಿನದು. ಬ್ರೌಸರು ಪುಟಕ್ಕೆ ‘ನನ್ನ ಅಗಲ 980 ಪಿಕ್ಸೆಲ್’ ಎಂದು ಹೇಳುತ್ತದೆ. ಪುಟ ಅದನ್ನು ನಂಬಿ ದೊಡ್ಡ ಪರದೆಯಲ್ಲಿ ಹರಡಿಕೊಂಡಂತೆ ನೆಮ್ಮದಿಯಾಗಿ ಹರಡಿಕೊಳ್ಳುತ್ತದೆ. ಆಮೇಲೆ ಬ್ರೌಸರು ಇಡೀ ಚಿತ್ರವನ್ನು ಮೂರನೆಯ ಒಂದು ಭಾಗಕ್ಕೆ ಕುಗ್ಗಿಸಿ ಪರದೆಗೆ ತುಂಬುತ್ತದೆ. ಓದಬೇಕಾದ ಜಾಗದ ಮೇಲೆ ಎರಡು ಸಲ ತಟ್ಟಿದರೆ ಅಷ್ಟು ಭಾಗ ಹಿಗ್ಗುತ್ತದೆ. ಒಂದೂ ಹಳೆಯ ಪುಟ ಮುರಿಯಲಿಲ್ಲ. ಬೆಲೆ ತೆತ್ತಿದ್ದು ಅಕ್ಷರಗಳು. 16 ಪಿಕ್ಸೆಲ್ ಅಕ್ಷರ ಪರದೆಯ ಮೇಲೆ ಐದರಷ್ಟಾಯಿತು. ಇಂಗ್ಲಿಷ್ ಅಕ್ಷರವನ್ನು ಆ ಅಳತೆಯಲ್ಲಿ ಊಹಿಸಿಯಾದರೂ ಓದಬಹುದು. ‘ಸ್ತ್ರೀ’, ‘ರಾಷ್ಟ್ರ’ ಎಂಬಂಥ ಕಡೆ ತಲೆಕಟ್ಟು, ಒತ್ತು, ದೀರ್ಘಗಳೆಲ್ಲ ಐದು ಪಿಕ್ಸೆಲ್ಲಿನೊಳಗೆ ಸೇರಬೇಕೆಂದರೆ ಉಳಿಯುವುದು ಕಪ್ಪು ಚುಕ್ಕೆ ಮಾತ್ರ.

ಸುಳ್ಳಿಗೆ ಇನ್ನೊಂದು ತೊಂದರೆ ಹುಟ್ಟಿನಿಂದಲೇ ಅಂಟಿತ್ತು. ಫೋನಿಗೆಂದೇ ಕಷ್ಟಪಟ್ಟು 320 ಪಿಕ್ಸೆಲ್ಲಿಗೆ ಮಾಡಿದ ಪುಟಕ್ಕೂ ಬ್ರೌಸರು 980 ಎಂದೇ ಹೇಳುತ್ತಿತ್ತು! ಆಗ ಬಂದದ್ದು ವ್ಯೂಪೋರ್ಟ್ ಸಾಲು. ನಾನು ಚಿಕ್ಕ ಪರದೆಗೆ ಸಿದ್ಧವಾಗಿ ಬಂದಿದ್ದೇನೆ, ನಿನ್ನ ನಿಜವಾದ ಅಗಲ ಹೇಳು ಎಂದು ಪುಟ ಫೋನಿಗೆ ಹೇಳುವ ಮಾತು ಅದು. ಉಪಾಯ ಪೂರ್ತಿ ಹೊಸದಲ್ಲ. ಮೈಕ್ರೋಸಾಫ್ಟಿನ ಪಾಕೆಟ್ ಬ್ರೌಸರಿಗೆ ‘ಮೊಬೈಲ್‌ಆಪ್ಟಿಮೈಸ್ಡ್’ ಎಂಬ ಇಂಥದೇ ಟ್ಯಾಗ್ ಮೊದಲೇ ಇತ್ತು. ಆಪಲ್ ಯಾವ ಮಾನಕ ಸಂಸ್ಥೆಯನ್ನೂ ಕಾಯದೆ ತನ್ನ ಸಾಲನ್ನು ಜಾರಿಗೆ ತಂದಿತು. ಆಂಡ್ರಾಯ್ಡ್, ಒಪೆರಾ, ಮೈಕ್ರೋಸಾಫ್ಟ್ ಹಿಂದೆಯೇ ಬಂದವು. ಸುಳ್ಳಿನ ಅಂಕಿ ಮಾತ್ರ ಒಬ್ಬೊಬ್ಬರದು ಒಂದೊಂದು. ಆಂಡ್ರಾಯ್ಡಿನ ಹಳೆಯ ಬ್ರೌಸರು 800 ಎನ್ನುತ್ತಿತ್ತು, ಒಪೆರಾ 850.

ಈ ಗೋಜಲನ್ನು ಬಿಡಿಸಿ ಹೇಳಿದವರು ಡಚ್ ವೆಬ್ ತಜ್ಞ ಪೀಟರ್-ಪಾಲ್ ಕಾಖ್. ಒಂದೊಂದೇ ಫೋನನ್ನು ಪರೀಕ್ಷಿಸಿ 2010ರಲ್ಲಿ ಅವರು ಬರೆದದ್ದಿಷ್ಟು: ಮೊಬೈಲಿನಲ್ಲಿ ಪುಟ ಜೋಡಣೆಯಾಗುವ ಕಾಲ್ಪನಿಕ ಅಗಲ ಒಂದು, ಕಣ್ಣಿಗೆ ಕಾಣುವ ಕಿಟಕಿ ಇನ್ನೊಂದು, ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಅದೇ ವರ್ಷ ಐಫೋನ್ 4 ಬಂತು. ಅದರ ಪರದೆಯಲ್ಲಿ ಅಡ್ಡಕ್ಕೆ 640 ಚುಕ್ಕೆ. ಆದರೂ ‘ನಿಜವಾದ ಅಗಲ ಎಷ್ಟು’ ಎಂದರೆ ಅದು 320 ಎಂದೇ ಉತ್ತರಿಸಿತು. ಗಾಜಿನ ಮೇಲಿನ ಚುಕ್ಕೆಗೂ ವಿನ್ಯಾಸದ ಪಿಕ್ಸೆಲ್ಲಿಗೂ ಇದ್ದ ನಂಟು ಕಡಿದುಹೋಗಿತ್ತು. ಹಾಗಾಗಿದ್ದು ಒಳ್ಳೆಯದೇ. ಇಲ್ಲದಿದ್ದರೆ ಪರದೆ ಸ್ಪಷ್ಟವಾದಂತೆಲ್ಲ ಅಕ್ಷರ ಚಿಕ್ಕದಾಗುತ್ತಿತ್ತು.

ನಿಜ ಹೇಳಿಸಿದ ಮಾತ್ರಕ್ಕೆ ಪುಟ ಪರದೆಗೆ ಹೊಂದಿಕೊಳ್ಳುವುದಿಲ್ಲ. 960 ಪಿಕ್ಸೆಲ್ ಎಂದು ಬಿಗಿದ ಪುಟಕ್ಕೆ ಈ ಸಾಲು ಅಂಟಿಸಿದರೆ ಪಕ್ಕಕ್ಕೆ ಎಳೆದೆಳೆದು ಓದಬೇಕಾಗುತ್ತದೆ. ಹೊಂದಿಕೊಳ್ಳುವ ವಿದ್ಯೆಗೆ ಹೆಸರು ಕೊಟ್ಟವರು ಅಮೆರಿಕದ ಈಥನ್ ಮಾರ್ಕಾಟ್. 2010ರ ಮೇ ತಿಂಗಳಲ್ಲಿ ‘ಎ ಲಿಸ್ಟ್ ಅಪಾರ್ಟ್’ ಪತ್ರಿಕೆಯಲ್ಲಿ ಅವರು ಬರೆದ ಲೇಖನದಿಂದ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂಬ ಮಾತು ಬಳಕೆಗೆ ಬಂತು. ಅಗಲವನ್ನು ಶೇಕಡಾ ಲೆಕ್ಕದಲ್ಲಿ ಕೊಡು, ಚಿತ್ರಗಳು ಕುಗ್ಗುವಂತಿರಲಿ, ಪರದೆ ಇಷ್ಟಕ್ಕಿಂತ ಕಿರಿದಾದರೆ ಜೋಡಣೆ ಬದಲಾಗಲಿ — ಇವು ಮೂರು ಸೂತ್ರ. ಮರುವರ್ಷ ಬಾಸ್ಟನ್ ಗ್ಲೋಬ್ ಪತ್ರಿಕೆಯ ತಾಣ ಇದೇ ಸೂತ್ರದ ಮೇಲೆ ನಿಂತಿತು. ನಿಜಕ್ಕೆ ನೋಡಿದರೆ ವೆಬ್ ಹುಟ್ಟಿದ್ದೇ ಹೀಗೆ. 1990ರ ದಶಕದ ಆರಂಭದ ಪುಟಗಳಿಗೆ ನಿಗದಿತ ಅಗಲ ಇರಲಿಲ್ಲ. ಯಾರ ಸೊಂಟಕ್ಕೂ ಆಗುವ ಪಂಚೆಯನ್ನು ನಡುವೆ ಬಂದ ವಿನ್ಯಾಸಕಾರರು ಅಳತೆಗೆ ಕತ್ತರಿಸಿ ಪ್ಯಾಂಟು ಹೊಲಿದಿದ್ದರು, ಅಷ್ಟೇ.

ವ್ಯೂಪೋರ್ಟ್ ಸಾಲನ್ನು ಕೆಡಿಸಿದವರೂ ಉಂಟು. ಅದಕ್ಕೆ ‘ಯೂಸರ್-ಸ್ಕೇಲಬಲ್=ನೋ’ ಎಂಬ ಬಾಲ ಸೇರಿಸಿದರೆ ಓದುಗ ಬೆರಳಿನಿಂದ ಪುಟ ಹಿಗ್ಗಿಸುವಂತಿಲ್ಲ. ಫಾರಂ ತುಂಬಲು ಹೋದಾಗ ಐಫೋನು ತಾನಾಗಿಯೇ ಜೂಮ್ ಆಗುವುದನ್ನು ತಪ್ಪಿಸಲು, ಪುಟ ಆ್ಯಪಿನ ಹಾಗೆ ಗಟ್ಟಿಯಾಗಿ ಕೂರಲಿ ಎಂದು ಸಾವಿರಾರು ಮಂದಿ ಈ ಬಾಲ ಕಟ್ಟಿದರು. ಸಣ್ಣ ತೊಡಕಿನ ಪರಿಹಾರಕ್ಕೆ, ಕಣ್ಣು ಮಂದವಾದವರ ಆಸರೆಗೇ ಬೀಗ ಬಿತ್ತು. ಅಕ್ಷರವನ್ನು ಎರಡು ಪಟ್ಟಿನವರೆಗೆ ಹಿಗ್ಗಿಸಲು ಆಸ್ಪದವಿರಬೇಕು ಎಂಬುದು ಅಂಗವಿಕಲಸ್ನೇಹಿ ವೆಬ್ಬಿನ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಾತು. ಕೊನೆಗೆ 2016ರ ಐಒಎಸ್ 10ರಲ್ಲಿ ಆಪಲ್ಲಿನ ಬ್ರೌಸರೇ ಈ ನಿಷೇಧಕ್ಕೆ ಕಿವಿಗೊಡುವುದನ್ನು ನಿಲ್ಲಿಸಿತು.

ಕನ್ನಡ ಪುಟಗಳಿಗೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ‘ಒಪ್ಪಿಕೊಳ್ಳಬೇಕಾಗಿರುವುದರಿಂದ’ ಎಂಬುದು ನಮಗೆ ಒಂದೇ ಪದ. ಶೀರ್ಷಿಕೆಯ ದಪ್ಪ ಅಕ್ಷರದಲ್ಲಿ ಅದು 360 ಪಿಕ್ಸೆಲ್ಲಿನ ಪರದೆಯನ್ನು ದಾಟಿಬಿಡುತ್ತದೆ. ಬ್ರೌಸರು ತಾನಾಗಿ ಪದ ಒಡೆಯುವುದಿಲ್ಲ. ಆಗ ಬೇರೆಲ್ಲ ಸರಿಯಿದ್ದರೂ ಆ ಒಂದು ಪದಕ್ಕಾಗಿ ಇಡೀ ಪುಟ ಅಡ್ಡಡ್ಡ ಜಾರತೊಡಗುತ್ತದೆ. ಜಾಗ ಸಾಲದಿದ್ದರೆ ಪದ ಮುರಿಯಬಹುದು ಎಂದು ಬೇರೆ ಸೂಚನೆ ಕೊಡಬೇಕು. ಇಂಗ್ಲಿಷ್ ಪಠ್ಯ ತುಂಬಿ ಪರೀಕ್ಷಿಸಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಮೊಬೈಲಿಗೆ ಹೊಂದುವ ಪುಟಗಳನ್ನು ಮೊಬೈಲಿನ ಹುಡುಕಾಟದಲ್ಲಿ ಮೇಲಕ್ಕೆ ತರುತ್ತೇವೆ ಎಂದು ಗೂಗಲ್ 2015ರ ಏಪ್ರಿಲಿನಲ್ಲಿ ಹೊಸ ನಿಯಮ ತಂದಾಗ, ಅದುವರೆಗೆ ಮೈಮರೆತಿದ್ದವರೂ ಎದ್ದರು. ಅದಕ್ಕೂ ಮೊದಲೇ, ವ್ಯೂಪೋರ್ಟ್ ಸಾಲಿಗೆ ಬದಲು ವಿನ್ಯಾಸದ ಭಾಷೆಯಾದ ಸಿಎಸ್‌ಎಸ್‌ನಲ್ಲೇ ಶಿಸ್ತಾದ ವ್ಯವಸ್ಥೆ ಮಾಡಬೇಕೆಂದು ಒಪೆರಾದವರು ಯತ್ನಿಸಿದ್ದರು. 2011ರಲ್ಲಿ ಅದರ ಕರಡೂ ಹೊರಬಂತು. ಕಾಲಕ್ರಮದಲ್ಲಿ ಅದು ಮೂಲೆ ಸೇರಿತು, ಆಪಲ್ಲಿನ ತಾತ್ಕಾಲಿಕ ಏರ್ಪಾಡೇ ಉಳಿಯಿತು.

ಹಾಗಾದರೆ ಫೋನುಗಳು ಸುಳ್ಳನ್ನೇ ನಿಲ್ಲಿಸಬಾರದೇ? ನಿಲ್ಲಿಸಿದರೆ ಆ ಸಾಲಿಲ್ಲದ ಹಳೆಯ ಪುಟಗಳು ಒಂದೇ ಏಟಿಗೆ ಕೆಡುತ್ತವೆ, ಅವುಗಳಲ್ಲಿ ಎಷ್ಟನ್ನೋ ಈಗ ತಿದ್ದುವವರೇ ಇಲ್ಲ. ಹಿಂದಿನದನ್ನು ಕೆಡಿಸದೆ ಮುಂದೆ ಹೋಗುವುದು ವೆಬ್ಬಿನ ರೂಢಿ. ಅದಕ್ಕೇ ಹೊಸ ಪುಟ ಪ್ರತಿಸಲವೂ ‘ನಿಜ ಹೇಳು’ ಎಂದು ಕೇಳಿಯೇ ಶುರುವಾಗಬೇಕು. ನಾಳೆ ಯಾವುದೋ ಅರ್ಜಿಯ ಪುಟ ಫೋನಿನಲ್ಲಿ ಕಾಣದಷ್ಟು ಚಿಕ್ಕ ಅಕ್ಷರದಲ್ಲಿ ತೆರೆದುಕೊಂಡರೆ ಕನ್ನಡಕ ಹುಡುಕುವ ಮೊದಲು ಒಂದು ಮಾತು ನೆನಪಿರಲಿ: ಆ ಪುಟ ಮಾಡಿಸಿದವರು ಒಂದು ಸಾಲನ್ನು, ಅದರ ಬೆನ್ನಿಗಿರಬೇಕಾದ ಒಂದಿಷ್ಟು ಕೆಲಸವನ್ನು ಬಾಕಿ ಇಟ್ಟುಕೊಂಡಿದ್ದಾರೆ.