ಮುಂಜಾನೆಯ ರೈಲು ಮತ್ತು ಮತಗಟ್ಟೆ

ಕೋಲಾರ ಚಿನ್ನದ ಗಣಿ ಪ್ರದೇಶದ ಕಥೋಲಿಕ ಕುಟುಂಬಗಳು 2019ರ ಪವಿತ್ರ ಗುರುವಾರವನ್ನು ಮರೆತಿರಲಾರವು. ಏಪ್ರಿಲ್ 18ರ ಆ ದಿನವೇ ಕೋಲಾರ ಲೋಕಸಭಾ ಕ್ಷೇತ್ರದ ಮತದಾನವೂ ನಡೆಯಿತು. ಸಂಜೆ ಆರಕ್ಕೆ ಮತಗಟ್ಟೆ ಮುಚ್ಚಬೇಕು; ಅದೇ ಸಂಜೆ ಪ್ರಭುವಿನ ಅಂತಿಮ ಭೋಜನದ ಬಲಿಪೂಜೆ, ಪಾದ ತೊಳೆಯುವ ವಿಧಿ. ನೆರೆಯ ತಮಿಳುನಾಡಿನಲ್ಲಿ ದಿನಾಂಕ ಬದಲಿಸಬೇಕೆಂಬ ಕೋರಿಕೆ ಮದ್ರಾಸ್ ಉಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ದಿನಾಂಕವೇನೂ ಬದಲಾಗಲಿಲ್ಲ. ಆ ಚುನಾವಣೆಯಲ್ಲಿ, 1991ರಿಂದ ಸತತ ಏಳು ಬಾರಿ ಗೆದ್ದಿದ್ದ ಕೆ.ಎಚ್. ಮುನಿಯಪ್ಪನವರು ಎಸ್. ಮುನಿಸ್ವಾಮಿಯವರೆದುರು ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. 2024ರಲ್ಲಿ ಕ್ಷೇತ್ರವು ಜಾತ್ಯತೀತ ಜನತಾದಳದ ಎಂ. ಮಲ್ಲೇಶ್ ಬಾಬು ಅವರ ಕಡೆ ವಾಲಿತು.

ಗಣಿನಗರದ ಮತದಾರ ಒಂದೇ ಪಕ್ಷಕ್ಕೆ ಕಟ್ಟುಬಿದ್ದವನಲ್ಲ. ಗಣಿಯ ದಿನಗಳಲ್ಲಿ ಕಾರ್ಮಿಕ ಸಂಘಗಳೂ ಅಂಬೇಡ್ಕರ್ ವಿಚಾರಧಾರೆಯೂ ಲೈನು ಮನೆಗಳ ರಾಜಕೀಯವನ್ನು ರೂಪಿಸಿದವು. ಬಹುಪಾಲು ತಮಿಳು ಮನೆಮಾತಿನ ಈ ಜನರು 1999ರಲ್ಲಿ ಅಣ್ಣಾ ಡಿಎಂಕೆಯ ಎಂ. ಭಕ್ತವತ್ಸಲಂ ಅವರನ್ನೂ 2004ರಲ್ಲಿ ರಿಪಬ್ಲಿಕನ್ ಪಕ್ಷದ ಎಸ್. ರಾಜೇಂದ್ರನ್ ಅವರನ್ನೂ ವಿಧಾನಸಭೆಗೆ ಕಳುಹಿಸಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಬೇತಮಂಗಲ ಕ್ಷೇತ್ರವು ಇಲ್ಲದಾಗಿ ಸುತ್ತಲಿನ ಹಳ್ಳಿಗಳು ಕೆ.ಜಿ.ಎಫ್. ಕ್ಷೇತ್ರಕ್ಕೆ ಸೇರಿದವು. ಆ ಬಳಿಕ ಗಣಿ ಲೈನುಗಳ ಮತವೊಂದೇ ಗೆಲುವನ್ನು ನಿರ್ಧರಿಸುವ ಕಾಲ ಹೋಯಿತು: 2008 ಮತ್ತು 2013ರಲ್ಲಿ ಭಾರತೀಯ ಜನತಾ ಪಕ್ಷ, 2018 ಮತ್ತು 2023ರಲ್ಲಿ ಕಾಂಗ್ರೆಸ್ಸಿನ ಎಂ. ರೂಪಕಲಾ.

ಮತದಾನದ ಪ್ರಮಾಣದ ಮಾತಿಗೆ ಬರೋಣ. 2024ರಲ್ಲಿ ಕೋಲಾರ ಕ್ಷೇತ್ರದಲ್ಲಿ ಶೇಕಡಾ 78ರಷ್ಟು ಮತದಾನವಾದರೆ ಬೆಂಗಳೂರು ದಕ್ಷಿಣದಲ್ಲಿ ಸುಮಾರು 53 ಮಾತ್ರ. ಇದನ್ನು ಓದಿ ನಾವು ಬೀಗುವಂತಿಲ್ಲ. ಬೆಂಗಳೂರಿನ ಆ ನಿದ್ದೆಯಲ್ಲಿ ನಮ್ಮ ಮಕ್ಕಳ ಪಾಲೂ ಇರಬಹುದು. ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಹೋಗುವ ಮುಂಜಾನೆಯ ರೈಲುಗಳೇ ಸಾವಿರಾರು ಮನೆಗಳ ಅನ್ನದ ದಾರಿ. ಕತ್ತಲಿರುವಾಗಲೇ ಬುತ್ತಿ ಕಟ್ಟಿಕೊಂಡು ಹೊರಟವರು ಮರಳುವುದು ರಾತ್ರಿಗೆ. ಅಂಥವರಿಗಾಗಿಯೇ ಪ್ರಜಾಪ್ರತಿನಿಧಿ ಕಾಯ್ದೆಯ 135-ಬಿ ವಿಧಿಯಿದೆ: ಮತದಾನದ ದಿನ ದಿನಗೂಲಿಯವನಿಗೂ ಸಂಬಳ ಸಹಿತ ರಜೆ ಕೊಡಲೇಬೇಕು, ತಪ್ಪಿದ ಮಾಲೀಕನಿಗೆ ದಂಡ. ಆ ದಂಡವಾದರೋ ಹೆಚ್ಚೆಂದರೆ ಐನೂರು ರೂಪಾಯಿ! ಹೆದರುವವರು ಯಾರು? ಆದರೂ ಹಕ್ಕು ಹಕ್ಕೇ, ಕೇಳಿ ಪಡೆಯಬೇಕು.

ಇನ್ನೊಂದು ತೊಡಕು ಪಟ್ಟಿಯದು. ಮಗ ಬೆಂಗಳೂರಿನಲ್ಲಿ ಮನೆ ಮಾಡಿದ್ದಾನೆ, ಹೆಸರು ಚಾಂಪಿಯನ್ ರೀಫ್ಸ್‌ನ ಪಟ್ಟಿಯಲ್ಲಿಯೇ ಉಳಿದಿದೆ. ಕಾಯ್ದೆಯ ಪ್ರಕಾರ ತಾತ್ಕಾಲಿಕವಾಗಿ ಊರು ಬಿಟ್ಟವನು ವಾಸಿಯ ಹಕ್ಕನ್ನು ಕಳೆದುಕೊಳ್ಳುವುದಿಲ್ಲ. ಆದರೆ ಊರಿನಲ್ಲಿ ಮನೆಯೊಂದಿದೆ ಎಂಬ ಮಾತ್ರಕ್ಕೆ ಯಾರೂ ಅಲ್ಲಿನ ವಾಸಿ ಆಗುವುದೂ ಇಲ್ಲ. ಎರಡು ಕಡೆ ಹೆಸರಿರಿಸಿಕೊಳ್ಳುವಂತಿಲ್ಲ. ಸುಳ್ಳು ಘೋಷಣೆ ಶಿಕ್ಷಾರ್ಹ. ಸ್ಥಳ ಬದಲಾದವರಿಗೆ ನಮೂನೆ 8, ಹೊಸಬರಿಗೆ ನಮೂನೆ 6. ತೀರಿಕೊಂಡ ಅಜ್ಜ ಅಜ್ಜಿಯರ ಹೆಸರು ತೆಗೆಸುವ ನಮೂನೆ 7 ಅನ್ನು ತುಂಬಲು ಅನೇಕ ಮನೆಗಳಲ್ಲಿ ಕೈ ಏಳುವುದಿಲ್ಲ. ಆ ಸಂಕಟ ನಮಗೂ ಗೊತ್ತು. ಆದರೆ ಶತಮಾನದ ಲೆಕ್ಕ ಹಾಕುವಾಗ ಆ ಹೆಸರುಗಳೂ ಮತ ಹಾಕದವರ ಸಾಲಿಗೇ ಸೇರುತ್ತವೆ.

ಇನ್ನು ನಮ್ಮಲ್ಲಿ ಬಹಿರಂಗವಾಗಿ ಚರ್ಚೆಯಾಗದ ಸಂಗತಿಯೊಂದಿದೆ. ಕೆ.ಜಿ.ಎಫ್., ಬಂಗಾರಪೇಟೆ ವಿಧಾನಸಭಾ ಕ್ಷೇತ್ರಗಳು, ಕೋಲಾರ ಲೋಕಸಭಾ ಕ್ಷೇತ್ರ, ಮೂರೂ ಪರಿಶಿಷ್ಟ ಜಾತಿಗೆ ಮೀಸಲು. 1950ರ ರಾಷ್ಟ್ರಪತಿ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರಿಗೆ ಇಲ್ಲ. ಹೀಗಾಗಿ ಗಣಿಯ ಆಳದಲ್ಲಿ ದುಡಿದ ದಲಿತ ಕ್ರೈಸ್ತನ ಮಗಳು ಈ ಮೂರರಲ್ಲಿಯೂ ಮತ ಹಾಕಬಹುದು, ಯಾವುದರಲ್ಲಿಯೂ ನಾಮಪತ್ರ ಸಲ್ಲಿಸುವಂತಿಲ್ಲ. ಅವಳ ಪಕ್ಕದ ಮನೆಯ ನೆಂಟನಿಗೆ ಆ ಅಡ್ಡಿಯಿಲ್ಲ. ಈ ಪ್ರಶ್ನೆಯನ್ನು ಪರಿಶೀಲಿಸಲು 2022ರಲ್ಲಿ ಕೇಂದ್ರ ಸರ್ಕಾರವು ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿತು.

ಸ್ಪರ್ಧೆಯ ಬಾಗಿಲು ಮುಚ್ಚಿದೆಯೆಂದು ಮತದ ಬಾಗಿಲನ್ನೂ ನಾವೇ ಮುಚ್ಚಿಕೊಳ್ಳಬೇಕೆ? 1965ರ ಎರಡನೆಯ ವ್ಯಾಟಿಕನ್ ಮಹಾಸಭೆಯು ಮತದಾನವನ್ನು ಹಕ್ಕೆಂದೂ ಕರ್ತವ್ಯವೆಂದೂ ಎರಡು ಬಗೆಯಲ್ಲಿ ಹೇಳಿದೆ. ಯಾರಿಗೆ ಎಂಬುದನ್ನು ಅಂತಃಸಾಕ್ಷಿಗೆ ಬಿಟ್ಟಿದೆ. ಇತ್ತ ರಾಬರ್ಟ್‌ಸನ್‌ಪೇಟೆ ನಗರಸಭೆಯ ಸಾಮಾನ್ಯ ವಾರ್ಡುಗಳಲ್ಲಿ ನಿಲ್ಲಲು ನಮ್ಮವರಿಗೆ ಯಾವ ಆದೇಶವೂ ಅಡ್ಡಬರುವುದಿಲ್ಲ. ಕುಡಿಯುವ ನೀರು, ಚರಂಡಿ, ಬೀದಿದೀಪದ ತೀರ್ಮಾನವಾಗುವುದೂ ಅಲ್ಲಿಯೇ.