ಏಳರಲ್ಲಿ ಅರ್ಧ ಎಷ್ಟು?

ಯಶವಂತಪುರದ ಮಂಡಿಯಲ್ಲಿ ಏಳು ಮೂಟೆ ಈರುಳ್ಳಿಯನ್ನು ಇಬ್ಬರು ಪಾಲುಗಾರರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಎಷ್ಟು? ಅಕ್ಷರವರಿಯದ ಹಮಾಲಿಯೂ ‘ಮೂರೂವರೆ’ ಎಂದು ಥಟ್ಟನೆ ಹೇಳಿಯಾನು. ಆದರೆ 7 ಮತ್ತು 2 ಎಂಬ ಪೂರ್ಣಾಂಕಗಳನ್ನಿತ್ತು ಇದೇ ಲೆಕ್ಕವನ್ನು ಫೋರ್ಟ್ರಾನ್ ಭಾಷೆಯಲ್ಲಿ ಗಣಕಯಂತ್ರಕ್ಕೆ ಒಪ್ಪಿಸಿದರೆ, ಅದು ನೀಡುವ ಉತ್ತರ ಮೂರು! ಉಳಿದ ಅರ್ಧ ಮೂಟೆಯ ಬಗೆಗೆ ಒಂದು ಎಚ್ಚರಿಕೆಯ ಮಾತೂ ಇಲ್ಲ.

ದೋಷ ಯಂತ್ರದ್ದಲ್ಲ, ಅದರೊಡನೆ ಮಾತನಾಡುವ ಭಾಷೆಯನ್ನು ಕಟ್ಟಿದ ರೀತಿಯದು. ಅಮೆರಿಕದ ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ರಚಿಸಿದ ಫೋರ್ಟ್ರಾನ್ 1957ರಲ್ಲಿ ಹೊರಬಂದಿತು. ಯಂತ್ರದೊಳಗೆ ಪೂರ್ಣಾಂಕಗಳದ್ದೇ ಒಂದು ಜಾತಿ, ಭಿನ್ನಾಂಶವುಳ್ಳ ಸಂಖ್ಯೆಗಳದ್ದೇ ಇನ್ನೊಂದು. ಎರಡು ಪೂರ್ಣಾಂಕಗಳನ್ನು ಭಾಗಿಸಿದರೆ ಬರುವುದೂ ಪೂರ್ಣಾಂಕವೇ ಎಂಬುದು ಅವರು ವಿಧಿಸಿದ ನಿಯಮ.

ಮಂಡಿಗೆ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1950ರ ದಶಕದಲ್ಲಿ ಓದಿದ ವಿ. ರಾಜಾರಾಮನ್ ಅವರು, 1963ರಲ್ಲಿ ಕಾನ್ಪುರದ ಐಐಟಿಗೆ ಬಂದ ಐಬಿಎಂ 1620 ಗಣಕದ ಬಳಿ ವಿದ್ಯಾರ್ಥಿಗಳಿಗೆ ಫೋರ್ಟ್ರಾನ್ ಕಲಿಸಿದರು. 1982ರಲ್ಲಿ ಬೆಂಗಳೂರಿಗೇ ಮರಳಿದರು. ಅವರ ಪಠ್ಯಪುಸ್ತಕಗಳಿಂದ ಎಷ್ಟೋ ಮಂದಿ ಭಾರತೀಯರು ಗಣಕವಿದ್ಯೆ ಕಲಿತರು. ಫೋರ್ಟ್ರಾನ್ ಕಲಿಯುವವರು ಎಚ್ಚರದಿಂದ ದಾಟಬೇಕಾದ ಕಂದಕಗಳಲ್ಲಿ ಈ ಭಾಗಾಕಾರವೂ ಒಂದು.

ಹಾಗಾದರೆ ‘ಮೂರು’ ಎಂಬುದು ಶುದ್ಧ ತಪ್ಪೇ? ಅದೂ ಅಲ್ಲ. ರೈತನ ಕೊಟ್ಟಿಗೆಯಲ್ಲಿ ಏಳು ಎತ್ತುಗಳಿದ್ದು, ನೇಗಿಲೊಂದಕ್ಕೆ ಎರಡರಂತೆ ಹೂಡಿದರೆ ಹೊಲಕ್ಕಿಳಿಯುವುದು ಮೂರೇ ನೇಗಿಲು. ಮೂಟೆಗೆ ಒಂದು ನ್ಯಾಯ, ಎತ್ತಿಗೆ ಇನ್ನೊಂದು. ಎರಡಕ್ಕೂ ಒಂದೇ ಚಿಹ್ನೆಯನ್ನು ಬಳಸಿದ್ದೇ ತೊಡಕಿನ ಮೂಲ.

ಪೈಥಾನ್ ಭಾಷೆಯೂ ಮೊದಲು ಇದೇ ಹಾದಿ ಹಿಡಿದಿತ್ತು. 2008ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯಲ್ಲಿ ಒಂದು ಓರೆಗೆರೆಯೆಂದರೆ ಮೂರೂವರೆ, ಎರಡು ಓರೆಗೆರೆಯೆಂದರೆ ಮೂರು ಎಂದು ಬೇರ್ಪಡಿಸಲಾಯಿತು. ಆದರೆ ಹಳೆಯ ಅರ್ಥವನ್ನೇ ನಂಬಿ ಬರೆದಿದ್ದ ಪ್ರೋಗ್ರಾಮುಗಳ ಗತಿ? ಅವನ್ನು ತಿದ್ದಿಕೊಳ್ಳಲು ಕಾಲಾವಕಾಶ ಬೇಕಾಯಿತು. ಹಳೆಯ ಆವೃತ್ತಿಗೆ 2020ರ ಜನವರಿ 1ರವರೆಗೂ ಆಸರೆ ನೀಡಬೇಕಾಯಿತು. ತಪ್ಪನ್ನು ತಿದ್ದುವುದಕ್ಕೂ ಬೆಲೆಯುಂಟು. ತಿದ್ದದೆ ಬಿಡುವುದಕ್ಕೂ ಉಂಟು.

ಸಂಶಯ ಬಂದರೆ ಹಮಾಲಿ ‘ಮೂಟೆಯೋ, ಎತ್ತೋ?’ ಎಂದು ಕೇಳಿ ತಿಳಿಯುತ್ತಾನೆ. ಯಂತ್ರ ತಾನಾಗಿ ಕೇಳುವುದಿಲ್ಲ. ಅದರ ಪರವಾಗಿ ಆ ಪ್ರಶ್ನೆಯನ್ನು ಮುಂಚಿತವಾಗಿಯೇ ಕೇಳಿಟ್ಟಿರಬೇಕಾದವನು ಭಾಷೆಯನ್ನು ಕಟ್ಟುವವನು.